ಕಚೇರಿಯಲ್ಲಿ ಓದಿದ ಕಾದಂಬರಿ

ಹೋದ ತಿಂಗಳು ಒಂದು ಪಹಣಿ ನಕಲಿಗಾಗಿ ಹೊಳೆನರಸೀಪುರದ ತಾಲ್ಲೂಕು ಕಚೇರಿಗೆ ಹೋಗಿದ್ದೆ. ಗುಮಾಸ್ತರು ಊಟಕ್ಕೆ ಹೋಗಿದ್ದಾರೆ, ಕೂತಿರಿ ಎಂದು ಜವಾನ ಬೆಂಚು ತೋರಿಸಿದ. ಪಕ್ಕದ ಕೋಣೆಯಲ್ಲಿ ಯಾರೋ ಲಕೋಟೆಗೆ ಮೊಹರು ಹಾಕಲು ಅರಗು ಕಾಯಿಸುತ್ತಿದ್ದರು. ಆ ಸುಟ್ಟ ಅರಗಿನ ವಾಸನೆ ಮೂಗಿಗೆ ಬಿದ್ದದ್ದೇ ನನಗೆ ಸಿಟ್ಟು ಬಂತು. ಗುಮಾಸ್ತರ ಮೇಲಲ್ಲ, ಎಂದೋ ತೀರಿಹೋದ ಒಬ್ಬ ಹಿಂದಿ ಪಂಡಿತರ ಮೇಲೆ. ಇಷ್ಟು ವರ್ಷವಾದ ಮೇಲೂ ಅವರನ್ನು ನೆನೆದರೆ ಮೊದಲು ಬರುವುದು ಸಿಟ್ಟೇ. ಉಳಿದದ್ದೆಲ್ಲ ಆಮೇಲೆ ನಿಧಾನವಾಗಿ ಬರುತ್ತದೆ.

ಯುದ್ಧದ ಕಾಲದಲ್ಲಿ, ಇದೇ ಕಚೇರಿಯ ಹಜಾರದಲ್ಲಿ, ಅಮಲ್ದಾರರ ಮುಂದೆ, ಪೊಲೀಸರ ಮುಂದೆ, ನಮ್ಮಪ್ಪನ ಮುಂದೆ ನಾನು ಒಂದು ಇಡೀ ಕಾದಂಬರಿಯನ್ನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದ್ದೇನೆ. ಇಡೀ ಎಂದರೆ ತಪ್ಪಾದೀತು. ಮುಗಿಸುವುದಕ್ಕೆ ಬಿಡಲಿಲ್ಲ. ಬಿಡದಿದ್ದವರು ಪೊಲೀಸರಾಗಿದ್ದರೆ ನನಗೆ ಇಷ್ಟು ಸಿಟ್ಟಿರುತ್ತಿರಲಿಲ್ಲ. ಬರೆದವರೇ ಬಿಡಲಿಲ್ಲ.

ಹರಿಶರಣ ಪಂಡಿತರು ನಮ್ಮೂರಿಗೆ ಬಂದದ್ದು ಚಳವಳಿಯ ಗಲಾಟೆ ಅಡಗಿದ ಮರುವರ್ಷ, ಮುಂಗಾರಿನ ಆರಂಭದಲ್ಲಿ. ಊರಿನ ಕೆಲವು ಹಿರಿಯರು ಸೇರಿ ಹಿಂದಿ ತರಗತಿ ನಡೆಸುತ್ತಿದ್ದರು. ಮೊದಲಿದ್ದ ಮೇಷ್ಟರು ಬಾವುಟ ಹಿಡಿದು ಹೋಗಿ ಜೈಲು ಸೇರಿದ್ದರಿಂದ ಪರೀಕ್ಷೆಗೆ ಕಟ್ಟಿದವರೆಲ್ಲ ನಡುನೀರಿನಲ್ಲಿದ್ದೆವು. ಆಗ ಎಲ್ಲೆಲ್ಲಿಗೋ ಕಾಗದ ಬರೆದು, ಪ್ರಯಾಗದ ಕಡೆಯ ಒಬ್ಬ ದೊಡ್ಡ ವಿದ್ವಾಂಸರು ಒಂದು ವರ್ಷದ ಮಟ್ಟಿಗೆ ಬರುತ್ತಾರೆಂದು ಹಿರಿಯರು ಸುದ್ದಿ ಕೊಟ್ಟರು. ಎರಡು ಕಾದಂಬರಿ ಬರೆದವರಂತೆ. ಗಂಗೆಯ ದೋಣಿಯವರ ಮೇಲೆ ಒಂದು, ವಕೀಲರ ಮನೆತನವೊಂದರ ಮೇಲೆ ಇನ್ನೊಂದು. ಸಂತರ ಹಾಡುಗಳ ಮೇಲೆ ಅವರು ಬರೆದದ್ದಕ್ಕೆ ಕಾಶಿಯ ಪಂಡಿತರೂ ತಲೆದೂಗುತ್ತಾರಂತೆ. ಅಂಥವರಿಗೆ ನಮ್ಮೂರಿನಲ್ಲೇನು ಕೆಲಸ ಎಂದು ನಮಗೆಲ್ಲ ಅನುಮಾನ.

ಬಂದ ಮೇಲೆ ತಿಳಿಯಿತು. ಅಲ್ಲಿ ಪ್ರಕಾಶಕರೊಂದಿಗೆ ಜಗಳ, ವಿದ್ಯಾಲಯದವರೊಂದಿಗೆ ಜಗಳ, ಸ್ವಂತ ಭಾವನೊಂದಿಗೂ ಜಗಳ. ತಲೆದೂಗುತ್ತಿದ್ದ ಪಂಡಿತರನ್ನೂ ಬಿಟ್ಟಿರಲಿಲ್ಲ. ದಕ್ಷಿಣದ ಹಾಡುಗಾರರನ್ನು ಕೇಳದೆ ಸಂತರ ಬಗ್ಗೆ ಬರೆಯುವುದು ಅರ್ಧ ವಿದ್ಯೆ ಎಂದು ವಾದ ಹೂಡಿ, ಆ ವಾದ ಗೆಲ್ಲುವುದಕ್ಕೆಂದೇ ರೈಲು ಹತ್ತಿದ್ದರು. ಆ ಕಡೆ ಜಗಳಕ್ಕೆ ಜನ ಮುಗಿದುಹೋಗಿದ್ದರೆಂದು ಕಾಣುತ್ತದೆ, ನಮ್ಮ ಕಡೆ ಬಂದರು.

ನನಗಾಗ ಇಪ್ಪತ್ತೆರಡು. ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಟೀಚರು. ಹಿಂದಿಯ ಮಧ್ಯಮಾ ಪರೀಕ್ಷೆ ಪಾಸು ಮಾಡಿದ್ದೆ. ಊರಿನಲ್ಲಿ ಅಷ್ಟು ಹಿಂದಿ ಬರುತ್ತಿದ್ದವಳು ನಾನೊಬ್ಬಳೇ. ನಮ್ಮಪ್ಪ ಚನ್ನಬಸಪ್ಪನವರಿಗೆ ಪೇಟೆಬೀದಿಯಲ್ಲಿ ಜವಳಿ ಅಂಗಡಿ. ಅಂಗಡಿಯ ಹಿಂದೆ ಮನೆ, ಮೇಲೆ ಒಂದು ಮಾಳಿಗೆ ಕೋಣೆ. ಹಿರಿಯರು ಬಂದು ಕೇಳಿದರೆಂದು ಅಪ್ಪ ಆ ಕೋಣೆಯನ್ನು ಪಂಡಿತರಿಗೆ ಬಿಟ್ಟುಕೊಟ್ಟರು, ಊಟವೂ ನಮ್ಮಲ್ಲೇ ಆಗಲಿ ಎಂದರು. ಅವರು ಬ್ರಾಹ್ಮಣರು, ಲಿಂಗವಂತರ ಮನೆಯಲ್ಲಿ ಉಣ್ಣುತ್ತಾರೋ ಇಲ್ಲವೋ ಎಂದು ಅಜ್ಜಿಗೆ ಸಂಕೋಚ. ನಾನು ಕೇಳಿದೆ. ಅವರು ಹಿಂದಿಯಲ್ಲಿ ಹೇಳಿದ್ದನ್ನು ಅಜ್ಜಿಗೆ ತಿಳಿಸಿದೆ: "ಜಾತಿ ಬಿಟ್ಟಿದ್ದೀನಿ, ಗೋಧಿ ಬಿಟ್ಟಿಲ್ಲ ಅಂತಾರೆ ಅಜ್ಜಿ."

"ಗೋದಿನಾ? ಈ ಕಾಲ್ದಲ್ಲಿ ಗೋದಿ ಎಲ್ಲಿಂದ ತರಾದು? ಜಾತೀನೇ ಇಟ್ಕಂಡಿದ್ರೆ ಸುಲಬ್ವಾಗಿತ್ತು ಕಣೇ" ಎಂದಳು ಅಜ್ಜಿ.

ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು. ಹೆಗಲ ಮೇಲಿನ ಶಾಲು ಯಾವಾಗಲೂ ಜಾರುತ್ತಿರುತ್ತಿತ್ತು, ಅವರು ಯಾವಾಗಲೂ ಎಳೆದುಕೊಳ್ಳುತ್ತಿರುತ್ತಿದ್ದರು. ಬೆರಳಿಗೆಲ್ಲ ಶಾಯಿ, ಆ ಶಾಯಿ ನಮ್ಮನೆಯ ಗೋಡೆಗೆ, ಕಂಬಕ್ಕೆ, ಊಟದ ತಣಿಗೆಗೆ. ಸಂಜೆ ಐದಕ್ಕೆ ತರಗತಿ ಎಂದರೆ ಆರಕ್ಕೆ ಇಳಿದು ಬರುವರು. ಬಂದವರು ಪಾಠದ ಪುಸ್ತಕ ತೆಗೆಯುವ ಬದಲು, ಬೆಳಗ್ಗೆ ಬೀದಿಯಲ್ಲಿ ಕೇಳಿದ ಒಂದು ಕನ್ನಡ ಮಾತು ಹಿಡಿದು ಅದು ಎಲ್ಲಿಂದ ಬಂತೆಂದು ನಮ್ಮನ್ನೇ ಕೇಳುವರು. ಪರೀಕ್ಷೆ ಹತ್ತಿರ ಬಂತು ಪಂಡಿತ್‌ಜೀ ಎಂದರೆ, "ಪರೀಕ್ಷೆ ಪ್ರತಿ ವರ್ಷ ಬರುತ್ತದೆ" ಎನ್ನುವರು.

ಹಿಂದಿಯಲ್ಲಿ ಪ್ರತಿಯೊಂದು ವಸ್ತುವೂ ಗಂಡೋ ಹೆಣ್ಣೋ ಆಗಿರಬೇಕು. ನಮಗೆ ಅದೇ ದೊಡ್ಡ ತಲೆನೋವು. ಕುರ್ಚಿ ಹೆಣ್ಣು, ಮನೆ ಗಂಡು, ಬಸ್ಸು ಹೆಣ್ಣು. ಮೀಸೆ ಹೆಣ್ಣು ಎಂದ ದಿನ ಅಂಚೆಯಣ್ಣ ಸಿದ್ದಪ್ಪ ತನ್ನ ಮೀಸೆ ಮುಟ್ಟಿಕೊಂಡು ತರಗತಿ ಬಿಟ್ಟು ಎದ್ದು ಹೋದವನು ತಿರುಗಿ ಬರಲಿಲ್ಲ. ಇತ್ತ ಪಂಡಿತರು ಕನ್ನಡ ಕಲಿಯಲು ಹೊರಟರು. ತಮ್ಮ ಗಂಡು ಹೆಣ್ಣುಗಳನ್ನೆಲ್ಲ ಮೂಟೆ ಕಟ್ಟಿಕೊಂಡು ನಮ್ಮ ಭಾಷೆಯೊಳಗೆ ಬಂದರು. ಒಂದು ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಯ್ಯೋ, ಸುಟ್ಟುಹೋದಳು! ಸುಟ್ಟುಹೋದಳು!" ಎಂದು ಕೂಗಿದರು. ಹಿತ್ತಿಲಲ್ಲಿದ್ದ ಅಜ್ಜಿ ಬಿಂದಿಗೆ ಎತ್ತಿಹಾಕಿ ಓಡಿಬಂದಳು.

"ಯಾರೇ? ಯಾರೇ ಸುಟ್ಟೋದೋಳು?"

"ರೊಟ್ಟಿ" ಎಂದರು ಪಂಡಿತರು, ಹೆಂಚು ತೋರಿಸಿ.

ಒಡೆದ ಬಿಂದಿಗೆಯ ವಿಷಯ ಅಜ್ಜಿ ಸಾಯುವವರೆಗೂ ಮರೆಯಲಿಲ್ಲ.

ಹಿಂಗಾರಿನಲ್ಲಿ ಒಂದು ಭಾನುವಾರ ರಾಮನಾಥಪುರಕ್ಕೆ ಹೋಗಬೇಕೆಂದು ಹಟ ಹಿಡಿದರು. ಅಲ್ಲಿ ಹೊಗೆಸೊಪ್ಪು ಒಣಗಿಸುವ ಒಬ್ಬ ಆಳು ತಂಬೂರಿ ಪದ ಹಾಡುತ್ತಾನೆಂದು ಯಾರೋ ಕಿವಿಗೆ ಹಾಕಿದ್ದರು. ಅರ್ಥ ಹೇಳಲು ನಾನು ಬೇಕು, ನನ್ನ ಜೊತೆಗೆ ಅಪ್ಪ ಬೇಕು. ಅಂಗಡಿ ಬಾಗಿಲು ಹಾಕಿ ಮೂವರೂ ಹೊರಟೆವು. ಪೆಟ್ರೋಲಿಲ್ಲದ ಕಾಲ, ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಅದರ ಹೊಗೆಯಲ್ಲಿ ಓಡಿಸುತ್ತಿದ್ದರು. ಅರಕಲಗೂಡು ದಾಟಿ ಒಂದು ಏರು ಬಂತು, ಬಸ್ಸು ನಿಂತಿತು. ಎಲ್ಲರೂ ಇಳಿದು ತಳ್ಳಿ ಎಂದ ಕಂಡಕ್ಟರು. ಹೆಂಗಸರೂ ಇಳಿದೆವು. ಪಂಡಿತರು ಮಾತ್ರ ಒಳಗೇ ಕೂತು ಏನೋ ಬರೆಯುತ್ತಿದ್ದರು.

"ಸಾ, ಇಳೀರಿ ಸಾ" ಎಂದ ಕಂಡಕ್ಟರು.

"ಒಂದು ವಾಕ್ಯ ಬಂದಿದ್ದಾನೆ" ಎಂದರು ಪಂಡಿತರು, ತಲೆಯೆತ್ತದೆ.

"ಯಾರ್ ಬಂದವ್ರೆ? ಟಿಕೀಟ್ ತಕಂಡವ್ರಾ?"

ಅಪ್ಪ ನನ್ನ ಕಡೆ ನೋಡಿದರು, ನಾನು ಗುಡ್ಡದ ಕಡೆ ನೋಡಿದೆ. ಅವರನ್ನೂ ಅವರ ವಾಕ್ಯವನ್ನೂ ಸೇರಿಸಿ ಏರು ಹತ್ತಿಸಿದೆವು.

ರಾಮನಾಥಪುರದಲ್ಲಿ ಹೊಳೆಯ ದಡದ ಕಲ್ಲಿನ ಮೇಲೆ ಆ ಹಾಡುವವನನ್ನು ಕೂರಿಸಿ ಮಧ್ಯಾಹ್ನದವರೆಗೆ ಹಾಡಿಸಿದರು. ಇಡೀ ಪದ ಬೇಡ, ಅದರ ಒಂದೇ ಸಾಲು ಬೇಕು. ಅದನ್ನೇ ಮತ್ತೆ, ಮತ್ತೆ. ಕೊನೆಗೆ ಅವನು ತಂಬೂರಿ ಕೆಳಗಿಟ್ಟ. "ಒಂದೇ ಸಾಲ್ನ ಎಷ್ಟ್ ಕಿತ ಏಳ್ಸೀರಿ ಸಾ? ದೇವ್ರಿಗೇ ಬ್ಯಾಸ್ರ ಆಗೋಯ್ತದೆ ಕಣ್ ಸಾ." ನಾನು ಅದನ್ನು ಹಿಂದಿಗೆ ತಿರುಗಿಸಿದೆ. ಪಂಡಿತರ ಕಣ್ಣಲ್ಲಿ ನೀರು ತುಂಬಿತ್ತು. ತಮ್ಮ ಊರಿನ ದೋಣಿಯವರು ಹಾಡುವ ಪದವೊಂದರಲ್ಲಿ ಇದೇ ಮಾತು ಬರುತ್ತದೆ, ಹುಟ್ಟು ಹಾಕುವವನೂ ನದಿಯೂ ಒಂದೇ ಎಂಬ ಮಾತು, ಎಂದು ಹೇಳಿ ಆ ಕಲ್ಲಿನ ಮೇಲೆಯೇ ಕೂತು ಆ ಪದ ಹಾಡಿದರು. ಕಂಠ ಕೆಟ್ಟದಾಗಿತ್ತು. ಆದರೆ ಹೊಗೆಸೊಪ್ಪಿನ ಆಳು ಮತ್ತೆ ತಂಬೂರಿ ಎತ್ತಿಕೊಂಡ. ಅಂದು ಕೊನೆಯ ಬಸ್ಸು ತಪ್ಪಿತು. ಕೊಣನೂರಿನ ಬಂಧುಗಳ ಮನೆಯಲ್ಲಿ ಉಳಿದು ಬೆಳಗ್ಗೆ ಸ್ಕೂಲಿಗೆ ತಡವಾಗಿ ಹೋಗಿ ಹೆಡ್ಮಿಸ್ಸರಿಂದ ನಾನು ಬೈಸಿಕೊಂಡೆ.

ಸುಗ್ಗಿ ಮುಗಿದಾಗ ಲೆವಿಯವರು ಬಂದರು. ಯುದ್ಧಕ್ಕೆಂದು ಮನೆಮನೆಯ ಭತ್ತ ಅಳೆದು, ತಲೆಗಿಷ್ಟು ಎಂದು ಬಿಟ್ಟು, ಉಳಿದದ್ದನ್ನು ಸರ್ಕಾರಕ್ಕೆ ಎತ್ತಿಕೊಂಡು ಹೋಗುವ ಕಾಲ. ಅರಕಲಗೂಡು ದಾರಿಯ ಹಳ್ಳಿಯಲ್ಲಿ ನಮಗೆ ಸ್ವಲ್ಪ ಗದ್ದೆಯಿತ್ತು. ಅಲ್ಲಿಂದ ಗಾಡಿಯಲ್ಲಿ ಬಂದ ಭತ್ತವನ್ನು ಮನೆ ಮುಂದೆಯೇ ಸುರಿಸಿ ಕೊಳಗದಲ್ಲಿ ಅಳೆದರು. ಬೀದಿ ತುಂಬ ಜನ. ಬಿಟ್ಟುಹೋದ ಗುಡ್ಡೆ ನೋಡಿ ಅಜ್ಜಿ, "ಇಷ್ಟ್ರಲ್ಲಿ ಮಳೆಗಾಲ ಎಂಗಪ್ಪಾ ಕಳೀಲಿ?" ಎಂದು ಹೊಸಲಿನಲ್ಲಿ ಕೂತುಬಿಟ್ಟಳು. ನನಗೆ ತಡೆಯಲಾಗಲಿಲ್ಲ. ಬಾಗಿಲ ಹಿಂದೆ ನಿಂತಿದ್ದವಳು ಅಲ್ಲಿಂದಲೇ ಕೂಗಿದೆ: "ನಮ್ಮನೆ ಭತ್ತ ನಮಗೇ ಅಳೆದುಕೊಡೋಕೆ ಇವರ್ಯಾರು? ಕೈಗೆ ಚೀಟಿ ಕೊಟ್ಟು ಸಾಲಲ್ಲಿ ನಿಲ್ಲಿಸೋದೂ ಒಂದು ಸರ್ಕಾರವೇ? ಅನ್ನ ಹಾಕೋಕ್ಕಾಗ್ದಿದ್ರೆ ಕುರ್ಚಿ ಬಿಟ್ಟು ಎದ್ದು ಹೋಗ್ಲಿ!"

ಬೀದಿ ಕೊನೆಯಲ್ಲಿದ್ದ ಸಬ್ ಇನ್ಸ್‌ಪೆಕ್ಟರು ತಿರುಗಿ ನೋಡಿದರು. ಅಪ್ಪ ನನ್ನ ರಟ್ಟೆ ಹಿಡಿದು ನಡುಮನೆಗೆ ಎಳೆದರು. ಸರ್ಕಾರಿ ಸಂಬಳ ತೆಗೆದುಕೊಳ್ಳುವ ಟೀಚರು ಹಾಗೆ ಕೂಗಿದ್ದು ಗೊತ್ತಾದರೆ ಕೆಲಸ ಹೋಗುವುದಲ್ಲದೆ ಹಾಸನದ ಜೈಲಿಗೂ ದಾರಿಯಾಗುತ್ತಿತ್ತು. ನಡುಮನೆಯಲ್ಲಿ ನಿಂತಿದ್ದೇನೆ, ಮಾಳಿಗೆ ಮೆಟ್ಟಿಲಿನಿಂದ ಪಂಡಿತರು ಬಗ್ಗಿ ಕೇಳಿದರು: "ಬೆಹನ್‌ಜೀ, ಆ ಕೊನೆಯ ಮಾತು ಇನ್ನೊಂದು ಸಲ ಹೇಳುತ್ತೀರಾ?"

"ನಿಮಗೆ ಬೇರೆ ಕೆಲಸವಿಲ್ಲವೇ ಪಂಡಿತ್‌ಜೀ!" ಎಂದು ಅವರ ಮೇಲೂ ಕೂಗಿದೆ. ಅವರು ಶಾಲು ಎಳೆದುಕೊಂಡು ಮೇಲೆ ಹೋದರು.

ಅವರು ಕಾದಂಬರಿ ಬರೆಯುತ್ತಿದ್ದಾರೆಂದು ನಮಗೆ ಗೊತ್ತಿತ್ತು. ಏನು ಬರೆಯುತ್ತಿದ್ದಾರೆಂದು ಗೊತ್ತಿರಲಿಲ್ಲ. ಮಾಘದ ಚಳಿ ಇಳಿಯುವ ಹೊತ್ತಿಗೆ ಬರೆದು ಮುಗಿಸಿ, ಹಾಳೆಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ, ಅರಗಿನ ಮೊಹರು ಹಾಕಿ, ಕಾಶಿಯ ಹೊಸ ಪ್ರಕಾಶಕರೊಬ್ಬರಿಗೆ ಅಂಚೆಗೆ ಹಾಕಿದರು. ಮೊಹರು ಹಾಕುವಾಗ ಅಜ್ಜಿಯ ಹೊಸ ಚಾಪೆಯನ್ನೂ ಸುಟ್ಟರು. ಅಂಚೆ ಕಟ್ಟು ಊರು ದಾಟಲಿಲ್ಲ. ದೂರದೂರಿಗೆ ಹೋಗುವ ದಪ್ಪ ಕಟ್ಟುಗಳನ್ನು ಒಡೆದು ನೋಡುವ ಕಾಲ ಅದು. ಒಡೆದರೆ ನೂರಾರು ಹಾಳೆ, ಎಲ್ಲ ಹಿಂದಿ, ಅದೂ ಜೈಲಿಗೆ ಹೋದ ಮೇಷ್ಟರ ಜಾಗಕ್ಕೆ ಬಂದವರದ್ದು.

ಮಾರನೆಯ ದಿನ ಸಬ್ ಇನ್ಸ್‌ಪೆಕ್ಟರೇ ಅಂಗಡಿಗೆ ಬಂದರು. ಗತ್ತಿನ ಆಳು, ಹುರಿ ಮೀಸೆ, ಈ ಊರಿಗೆ ಹೊಸಬರು. ಮಾಳಿಗೆಯ ಕಿಟಕಿಯಿಂದ ಪಂಡಿತರು ನೋಡಿ ನನ್ನನ್ನು ಕರೆದರು: "ಬೆಹನ್‌ಜೀ! ಪೊಲೀಸ್ ಬಂದಿದ್ದಾಳೆ!"

ಆ ಮೀಸೆ ಅದುರಿದ್ದನ್ನು ನಾನು ಕಣ್ಣಾರೆ ಕಂಡೆ. ಕೇಸು ಅರ್ಧ ಅಲ್ಲೇ ಕೆಟ್ಟಿತೆಂದು ನನ್ನ ನಂಬಿಕೆ.

ಮೊದಲು ಕೋಟೆಯ ಸಂಸ್ಕೃತ ಪಂಡಿತರಿಗೆ ಹಾಳೆಗಳನ್ನು ತೋರಿಸಿದರಂತೆ. ಅವರು ಕನ್ನಡಕ ಏರಿಸಿ ನೋಡಿ, "ಅಕ್ಷರ ನಮ್ಮದೇ, ಅರ್ಥ ನಮ್ಮದಲ್ಲ" ಎಂದು ವಾಪಸು ಕೊಟ್ಟರಂತೆ. ಹಾಗಾಗಿ ಅಮಲ್ದಾರರು ನನಗೆ ಹೇಳಿಕಳಿಸಿದರು. ದಿನಾ ಸ್ಕೂಲು ಬಿಟ್ಟ ಮೇಲೆ ಕಚೇರಿಗೆ ಬಂದು, ಓದಿ, ಕನ್ನಡದಲ್ಲಿ ಹೇಳಬೇಕು; ಗುಮಾಸ್ತರು ಬರೆದುಕೊಳ್ಳುತ್ತಾರೆ. ಸರ್ಕಾರಕ್ಕೆ ವಿರುದ್ಧವಾದದ್ದೇನೂ ಇಲ್ಲದಿದ್ದರೆ ಕಟ್ಟು ಬಿಟ್ಟುಕೊಡುತ್ತಾರೆ. ಆಗುವುದಿಲ್ಲ ಎನ್ನುವ ಹಾಗಿರಲಿಲ್ಲ.

ಅಮಲ್ದಾರರು ಮೈಸೂರಿನಲ್ಲಿ ಬಿ.ಎ. ಓದಿದವರು, ಮೆತ್ತಗಿನ ಮನುಷ್ಯ, ನಾಟಕದ ಹುಚ್ಚಿದ್ದವರು. ಅವರ ಎಡಗಡೆ ಸಬ್ ಇನ್ಸ್‌ಪೆಕ್ಟರು. ಗೋಡೆ ಪಕ್ಕದ ಬೆಂಚಿನಲ್ಲಿ ಅಪ್ಪ. ಎದುರಿಗೆ ಸ್ಟೂಲಿನ ಮೇಲೆ ಪಂಡಿತರು, ಮದುವೆಗೆ ಬಂದವರ ಹಾಗೆ ಒಗೆದ ಬಟ್ಟೆ ಹಾಕಿಕೊಂಡು. ನಾನು ಮೊದಲ ಹಾಳೆ ಎತ್ತಿಕೊಂಡೆ.

ಹೊಳೆಯ ದಂಡೆಯ ಊರು. ಪೇಟೆಬೀದಿ. ಜವಳಿ ಅಂಗಡಿ. ಅಂಗಡಿಯವನು ಬಟ್ಟೆ ಅಳೆಯುವಾಗ ಗಜಕಡ್ಡಿಯ ತುದಿಯಲ್ಲಿ ಹೆಬ್ಬೆರಳನ್ನು ಒಂದಿಷ್ಟು ಒಳಕ್ಕೆ ಒತ್ತುತ್ತಾನೆ ಎಂದು ಮೊದಲ ಪುಟದಲ್ಲೇ ಇತ್ತು. ಓದುತ್ತಾ ಓದುತ್ತಾ ಕನ್ನಡಕ್ಕೆ ತಿರುಗಿಸುತ್ತಿದ್ದರಿಂದ ತಡೆಯುವಷ್ಟು ಪುರುಸೊತ್ತು ಸಿಗಲಿಲ್ಲ. ಬೆಂಚಿನಿಂದ ಅಪ್ಪನ ದನಿ ಬಂತು: "ನಾನ್ಯಾವತ್ರೀ ಹಂಗ್ ಒತ್ತಿದ್ದೆ?"

"ಅದು ಕಥೆ, ಚನ್ನಬಸಪ್ಪನೋರೇ" ಎಂದರು ಅಮಲ್ದಾರರು, ನಗು ತಡೆದು.

"ಕಥೆ ಆದ್ರೂ ಗಿರಾಕಿಗಳು ನಂಬ್ತಾರೆ ಸ್ವಾಮೀ."

ಮೂರನೆಯ ಅಧ್ಯಾಯದಲ್ಲಿ ನಾಯಕಿ ಬಂದಳು. ಹೆಸರು ಗೌರಾ. ಸ್ಕೂಲಿನ ಟೀಚರು. ಹುಬ್ಬು ಗಂಟಿಕ್ಕಿದರೆ ಬೀದಿನಾಯಿಯೂ ದಾರಿ ಬಿಡುತ್ತದೆ. ಯಾವಾಗಲೂ ಯಾರನ್ನಾದರೂ ಬೈಯುತ್ತಿರುತ್ತಾಳೆ, ಬೈಯುವಾಗ ಎಡಗೈಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ನನ್ನ ಎಡಗೈ ಆಗ ಎಲ್ಲಿತ್ತೆಂದು ನೋಡಿಕೊಂಡೆ. ಸೊಂಟದಲ್ಲೇ ಇತ್ತು. ಇಡೀ ಹಜಾರ ನನ್ನನ್ನೇ ನೋಡುತ್ತಿತ್ತು, ಬಾಗಿಲಲ್ಲಿದ್ದ ದಫೇದಾರನೂ. ಪಂಡಿತರೊಬ್ಬರು ಮಾತ್ರ ಕಣ್ಣು ಮುಚ್ಚಿ ಕೂತು ತಮ್ಮ ವಾಕ್ಯಗಳ ಲಯ ಸವಿಯುತ್ತಿದ್ದರು. ನನ್ನ ಕನ್ನಡ ಅವರ ಮನಸ್ಸಿಗೆ ಬಂದರೆ "ವಾಹ್" ಎನ್ನುವರು. ಬರದಿದ್ದರೆ ಕೈ ಎತ್ತಿ ನಿಲ್ಲಿಸುವರು.

ಹೀಗೆ ದಿನಗಳು ಹೋದವು. ವಿಚಾರಣೆ ಹೋಗಿ ಪುರಾಣದಂತಾಯಿತು. ಅಮಲ್ದಾರರು ಬೇರೆ ಕಡತಗಳನ್ನೆಲ್ಲ ಬೆಳಗ್ಗೆಯೇ ಮುಗಿಸಿ ಕಾಯುತ್ತಿದ್ದರು. ಗೌರಾಳ ಅಜ್ಜಿ ಕಾಯಿಲೆ ಬೀಳುವ ಅಧ್ಯಾಯದಲ್ಲಿ ದಫೇದಾರ ಕಣ್ಣೊರೆಸಿಕೊಂಡ. "ಆ ಮುದುಕಮ್ಮ ಉಳೀತಾಳಾ ಟೀಚರಮ್ಮ? ನಮ್ಮನೆಯೋಳು ಕೇಳ್ಕಂಡ್ ಬಾ ಅಂದವ್ಳೆ" ಎಂದ. ಸಬ್ ಇನ್ಸ್‌ಪೆಕ್ಟರಿಗೆ ಮಾತ್ರ ಕಥೆ ಬೇಡ, ಅಪರಾಧ ಬೇಕು. ನನಗೆ ಇದು ಬೇಗ ಮುಗಿದು ಕಟ್ಟು ಕಾಶಿಗೆ, ಪಂಡಿತರು ಪ್ರಯಾಗಕ್ಕೆ ಹೋದರೆ ಸಾಕಾಗಿತ್ತು.

ಆಮೇಲೆ ಲೆವಿಯ ಅಧ್ಯಾಯ ಬಂತು. ಹಾಳೆ ತಿರುವಿ ಒಂದು ಸಲ ಕಣ್ಣಾಡಿಸಿದೆ. ಬೀದಿಯಲ್ಲಿ ಭತ್ತದ ರಾಶಿ, ಹೊಸಲಲ್ಲಿ ಕೂತ ಅಜ್ಜಿ, ಬಾಗಿಲ ಹಿಂದಿನ ಗೌರಾ. ನಾನು ಆ ದಿನ ಕೂಗಿದ್ದು ಅಕ್ಷರ ಬಿಡದೆ ಹಿಂದಿಯಾಗಿ ಕೂತಿತ್ತು.

ತಲೆ ಎತ್ತದೆ ಓದಿದೆ: "ಆಗ ಗೌರಾ ಹೇಳಿದಳು, ಅಜ್ಜಿ, ಇದು ಯುದ್ಧದ ಕಾಲ. ಎಲ್ಲರೂ ಸ್ವಲ್ಪ ಕಷ್ಟ ಸಹಿಸಬೇಕು. ಸರ್ಕಾರಕ್ಕೂ ಕಷ್ಟವಿದೆ."

"ನಹೀಂ!" ಸ್ಟೂಲು ಉರುಳಿತು. ಪಂಡಿತರು ಎದ್ದು ನಿಂತಿದ್ದರು. "ಹಾಗೆ ಇಲ್ಲ! ಗೌರಾ ಹಾಗೆ ಹೇಳುವುದಿಲ್ಲ. ಅವಳು ಅಂಥ ಹೆಣ್ಣು ಅಲ್ಲ!"

ನಾನು ಕಣ್ಣಲ್ಲೇ ಬೇಡಿಕೊಂಡೆ. ಅಮಲ್ದಾರರಿಗೆ ಅರ್ಥವಾಗಿತ್ತು. "ಪಂಡಿತರೇ, ಕೂತ್ಕೊಳ್ಳಿ. ಅವರು ಚೆನ್ನಾಗೇ ಹೇಳ್ತಿದಾರೆ. ಮುಂದಕ್ಕೆ ಓದಮ್ಮಾ."

"ಚೆನ್ನಾಗಿಲ್ಲ! ಹದಿನೈದು ಅಧ್ಯಾಯ ನಾನು ಒಬ್ಬಳು ಹುಡುಗಿ ಕಟ್ಟಿದ್ದೇನೆ. ಈ ಒಂದು ಸಾಲಿನಲ್ಲಿ ಅವಳು ಸತ್ತುಹೋಗುತ್ತಾಳೆ."

"ಪಂಡಿತ್‌ಜೀ, ದಯವಿಟ್ಟು" ಎಂದೆ ಹಿಂದಿಯಲ್ಲಿ. "ಒಂದು ಸಾಲು. ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅಚ್ಚಿನಲ್ಲಿ ನಿಮ್ಮದು ನಿಮ್ಮ ಹಾಗೆಯೇ ಇರುತ್ತದೆ."

"ನನಗೆ ಗೊತ್ತಾಗುತ್ತದೆ" ಎಂದರು. "ನಿಮಗೂ ಗೊತ್ತಾಗುತ್ತದೆ."

ಸಬ್ ಇನ್ಸ್‌ಪೆಕ್ಟರು ಮುಂದಕ್ಕೆ ಬಾಗಿದರು. "ಹಾಗಾದ್ರೆ ನೀವೇ ಹೇಳ್ರೀ. ಏನಿದೆ ಅದರಲ್ಲಿ?"

ಹೇಳಿದರು! ಆ ಹರಕು ಕನ್ನಡದಲ್ಲಿ, ಕೈಯೆತ್ತಿ, ರಂಗದ ಮೇಲೆ ನಿಂತವರ ಹಾಗೆ ಹೇಳಿದರು. "ನಮ್ಮ ಭತ್ತ ನಮಗೆ ಅಳೆಯಲಿಕ್ಕೆ ಇವರು ಯಾರು? ಅನ್ನ ಕೊಡಲಿಕ್ಕೆ ಆಗದಿದ್ದರೆ ಸರ್ಕಾರ ಕುರ್ಚಿ ಬಿಡಲಿ, ಅವಳು ಎದ್ದು ಹೋಗಲಿ!"

"ಅವಳು ಅಂದ್ರೆ ಯಾರು?" ಸಬ್ ಇನ್ಸ್‌ಪೆಕ್ಟರ ಮೀಸೆ ನೆಟ್ಟಗಾಯಿತು. "ಮಹಾರಾಣಿಯೋರ್ನ ಅಂದದ್ದಾ?"

"ಸ್ವಾಮೀ, ಹಿಂದಿಯಲ್ಲಿ ಸರ್ಕಾರ ಹೆಣ್ಣು" ಎಂದು ನಾನು ಅಡ್ಡಬಂದೆ. "ಅದು ವ್ಯಾಕರಣ ಅಷ್ಟೇ." ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ. ಗುಮಾಸ್ತರ ಲೇಖನಿ ಪರಪರ ಓಡುತ್ತಿತ್ತು. ಅಮಲ್ದಾರರು ಹಣೆಗೆ ಕೈ ಹಚ್ಚಿ ಕೂತಿದ್ದರು.

ಸಬ್ ಇನ್ಸ್‌ಪೆಕ್ಟರು ಈಗ ನಿಧಾನವಾಗಿ ಮಾತಾಡಿದರು. "ಈ ಮಾತು ನಾನು ಕೇಳಿದ್ದೀನಿ. ಪೇಟೆಬೀದೀಲಿ, ಲೆವಿ ದಿವಸ. ಯಾವಳೋ ಹೆಂಗಸು ಬಾಗಿಲ ಹಿಂದಿಂದ ಕೂಗಿದ್ಲು. ಇದೇ ಮಾತು." ಅವರ ಕಣ್ಣು ಬೆಂಚಿನಲ್ಲಿದ್ದ ಅಪ್ಪನ ಮೇಲೆ ಹೋಗಿ, ನನ್ನ ಮೇಲೆ ಬಂದು ನಿಂತಿತು. "ಈ ಗೌರಾ ಯಾರು ಪಂಡಿತ್ರೇ? ಯಾರ ಬಾಯಿಂದ ಕೇಳಿ ಬರೆದ್ರಿ?"

ಒಂದು ಸಾಲು ತಪ್ಪು ಹೇಳಿದ್ದಕ್ಕೆ ಸ್ಟೂಲು ಉರುಳಿಸಿದ ಮನುಷ್ಯ, ಸತ್ಯದ ಬೆನ್ನು ಹತ್ತಿದರೆ ಮುಂದಿರುವ ಬಾವಿಯೂ ಕಾಣದ ಮನುಷ್ಯ. ಇವರು ಈಗ ನನ್ನ ಹೆಸರು ಹೇಳುತ್ತಾರೆ, ಅದೂ ಹೆಮ್ಮೆಯಿಂದ ಹೇಳುತ್ತಾರೆ ಎಂದು ನನಗೆ ಖಾತ್ರಿಯಾಗಿತ್ತು.

ಪಂಡಿತರು ಶಾಲು ಎಳೆದುಕೊಂಡರು. ಆಶ್ಚರ್ಯವಾದವರಂತೆ ಸಬ್ ಇನ್ಸ್‌ಪೆಕ್ಟರನ್ನು ನೋಡಿದರು.

"ಯಾರ ಬಾಯಿ? ನಾನು ಬರೆದದ್ದು. ಕಾದಂಬರಿ ಬರೆಯುವವನು ಬೀದಿಯಲ್ಲಿ ಭಿಕ್ಷೆ ಎತ್ತುತ್ತಾನೆಯೇ? ಒಂದೊಂದು ಮಾತೂ ನನ್ನದು. ಬೇರೆ ಯಾರದೂ ಅಲ್ಲ."

"ಹಾಗಂತ ರುಜು ಮಾಡ್ತೀರಾ?"

"ಬರೆದದ್ದಕ್ಕೆಲ್ಲ ರುಜು ಮಾಡುತ್ತೇನೆ" ಎಂದು ಹೇಳಿ, ಗುಮಾಸ್ತರ ಕೈಯಿಂದ ಲೇಖನಿ ಕಿತ್ತುಕೊಂಡು ರುಜು ಮಾಡಿದರು.

ಮುಗಿಯಿತು. ಎರಡು ದಿನ ಠಾಣೆಯಲ್ಲಿಟ್ಟುಕೊಂಡು ರೈಲಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದರು. ಕಟ್ಟಿಗೆ ಮತ್ತೆ ಅರಗಿನ ಮೊಹರು ಬಿತ್ತು, ಅದೂ ಹಾಸನಕ್ಕೆ ಹೋಯಿತು. ಸ್ಟೇಷನ್ನಿಗೆ ಅಜ್ಜಿ ಗೋಧಿರೊಟ್ಟಿ ಕಟ್ಟಿಕೊಟ್ಟಿದ್ದಳು. ಎಲ್ಲಿಂದ ತಂದಳೋ ಗೊತ್ತಿಲ್ಲ. ಪ್ಲಾಟ್‌ಫಾರಮ್ಮಿನಲ್ಲಿ ಅಪ್ಪ ಆ ಗಂಟು ಕೊಟ್ಟು, ಮಾತು ಹೊರಡದೆ, ಅವರ ಜಾರಿದ ಶಾಲನ್ನು ಎತ್ತಿ ಹೆಗಲ ಮೇಲೆ ಹಾಕಿದರು. ನನಗೆ ಮಾತು ಹೊರಟಿತು. "ಒಂದು ಸಾಲು ಸುಮ್ಮನಿದ್ದಿದ್ದರೆ ಏನು ಗಂಟು ಹೋಗುತ್ತಿತ್ತು ಪಂಡಿತ್‌ಜೀ?" ಎಂದು ಅಷ್ಟು ಜನರ ಮುಂದೆ ರೇಗಿದೆ. ಅವರು ಉತ್ತರ ಕೊಡುವ ಮೊದಲೇ ಗಾಡಿ ಹೊರಟಿತು. ನನ್ನ ಪುಣ್ಯ, ಉತ್ತರ ಕೊಟ್ಟಿದ್ದರೆ ಇನ್ನೂ ರೇಗುತ್ತಿದ್ದೆ.

ಕೆಲವು ದಿನ ಬಿಟ್ಟು ಅಮಲ್ದಾರರು ಅಂಗಡಿಗೆ ಪಂಚೆ ಕೊಳ್ಳಲು ಬಂದರು. ಪಂಚೆ ನೋಡುವ ಹಾಗೆ ಮಾಡಿ ಮೆಲ್ಲಗೆ ಕೇಳಿದರು: "ಅಲ್ಲಮ್ಮಾ, ಆ ಗೌರಾ ಕಡೆಗೆ ಏನಾದ್ಲು?"

"ನನಗೂ ಗೊತ್ತಿಲ್ಲ ಸ್ವಾಮಿ. ಅಷ್ಟರಲ್ಲಿ ಅವರು ಎದ್ದು ನಿಂತರಲ್ಲ" ಎಂದೆ.

"ಛೆ! ಎಂಥಾ ಮನುಷ್ಯ" ಎಂದರು ಅಮಲ್ದಾರರು.

ಮಳೆಗಾಲವೆಲ್ಲ ಅವರು ಹಾಸನದ ಜೈಲಿನಲ್ಲಿದ್ದರು. ಬಿಡುಗಡೆಯಾದಾಗ ಸಂಸ್ಥಾನದ ಗಡಿ ದಾಟಿಸಿ ಕಳಿಸಿದರೆಂದು ಕೇಳಿದೆ. ಆ ವರ್ಷ ಹಿಂದಿ ಪರೀಕ್ಷೆಗೆ ಕೂತವರಲ್ಲಿ ಮುಕ್ಕಾಲು ಪಾಲು ಫೇಲು. ನನ್ನ ಮೇಲೆ ಯಾರೂ ಬೊಟ್ಟು ಮಾಡಲಿಲ್ಲ, ಕೆಲಸ ಉಳಿಯಿತು. ಮದುವೆಯಾಯಿತು, ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಆದರೆ ಕಚೇರಿಯ ಆ ಗಳಿಗೆ ನನ್ನನ್ನು ಬಿಡಲಿಲ್ಲ. ಒಂದು ಸುಳ್ಳು ಸಾಲನ್ನು ತಾಳಲಾರದವರು ನನಗಾಗಿ ಅಷ್ಟು ದೊಡ್ಡ ಸುಳ್ಳಿಗೆ ರುಜು ಹಾಕಿದರಲ್ಲ ಎಂದು ಒಲೆ ಮುಂದೆ ಕೂತಾಗ, ಪಾಠ ಮಾಡುವಾಗ ನೆನಪಾಗುತ್ತಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಆ ಕಟ್ಟು ಅವರ ಕೈಗೆ ವಾಪಸು ಸಿಕ್ಕಿ ಕಾದಂಬರಿ ಅಚ್ಚಾಯಿತು. ಅಂಚೆಯಲ್ಲಿ ತರಿಸಿ ಓದಿದೆ. ಲೆವಿಯ ಅಧ್ಯಾಯ ಹಾಗೆಯೇ ಇತ್ತು. ಕೊನೆಯಲ್ಲಿ ಮಾತ್ರ ಗೌರಾ ಒಬ್ಬ ಸಪ್ಪೆ ವಕೀಲನನ್ನು ಮದುವೆಯಾಗಿ ಬಾಯಿ ಮುಚ್ಚಿಕೊಂಡು ಕೂತುಬಿಡುತ್ತಾಳೆ. ಪುಸ್ತಕ ಮುಚ್ಚಿ ಎಸೆಯಬೇಕೆನಿಸಿತು. ಆದರೂ ನುಂಗಿಕೊಂಡೆ. ಉತ್ತರ ದಕ್ಷಿಣದ ಸಂತರ ಮೇಲೆ ಅವರ ದೊಡ್ಡ ಗ್ರಂಥವೂ ಬಂದು ದೇಶದಲ್ಲೆಲ್ಲ ಹೆಸರಾಯಿತು. ಮಾರನೆಯ ವರ್ಷವೋ ಏನೋ, ಹಾಸನದಲ್ಲಿ ಅವರ ಭಾಷಣವಿದೆ ಎಂದು ಪತ್ರಿಕೆಯಲ್ಲಿ ನೋಡಿ ಅಪ್ಪನನ್ನೂ ಹೊರಡಿಸಿಕೊಂಡು ಹೋದೆ.

ಭಾಷಣ ಮುಗಿದ ಮೇಲೆ ಒಳಕೋಣೆಯಲ್ಲಿ ಕಂಡೆವು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡದ್ದೇ ಎದ್ದು ಬಂದರು. "ಬನ್ನಿ ಬನ್ನಿ ಟೀಚರಮ್ಮ! ಎಂಗಿದ್ದೀರಿ? ಕುಂತ್ಕಳಿ, ಯಜಮಾನ್ರೇ. ಅಜ್ಜಿ ಎಂಗವ್ರೆ?"

ಜೈಲಿನಲ್ಲಿ ಜೊತೆಗಿದ್ದ ಸುತ್ತಲ ಹಳ್ಳಿಯವರಿಂದ ಅವರ ಕನ್ನಡ ಸರಿಹೋಗಿತ್ತು. ಅಪ್ಪ ಬಾಯಿ ಬಿಟ್ಟು ನೋಡುತ್ತಿದ್ದರು. ಅಜ್ಜಿ ಹೋಗಿಬಿಟ್ಟಳೆಂದು ಹೇಳಿದೆ. ಜಾರಿದ ಶಾಲು ಎಳೆದುಕೊಂಡು ಕೂತರು. ಆಮೇಲೆ ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ತೆಗೆದೆ.

"ಪಂಡಿತ್‌ಜೀ, ಅವತ್ತು ಕಚೇರಿಯಲ್ಲಿ ನನ್ನ ಹೆಸರು ಬಾರದ ಹಾಗೆ ಒಂದು ಸುಳ್ಳು ಹೇಳಿದಿರಿ. ಅದಕ್ಕೆ..."

"ಯಾವ ಸುಳ್ಳು?"

"ಆ ಮಾತು ನಿಮ್ಮದೇ ಅಂತ. ಅದು ನಾನು ಆಡಿದ್ದಲ್ಲವೇ?"

ಅವರ ಮುಖ ಕೆಂಪೇರಿತು. "ಏನಮ್ಮಾ ಇದು? ನೀವಾಡಿದ್ದು ಬರೀ ಕೂಗಾಟ. ಅದ್ರಲ್ಲಿ ಉಸಿರು ಎಲ್ಲಿ ನಿಲ್ಲಬೇಕು, ಯಾವ ಪದ ಕೊನೆಗೆ ಬರಬೇಕು ಅಂತ ಮೂರು ದಿವ್ಸ ಕುಂತು ತಿದ್ದಿದೋನು ನಾನು. ಅದು ನನ್ನ ವಾಕ್ಯ. ಸುಳ್ಳು ಯಾಕೇಳಾನ?"

ಮುಖವನ್ನೇ ನೋಡಿದೆ. ತಮಾಷೆಯ ಸುಳಿವಿಲ್ಲ. ನಿಜಕ್ಕೂ ಹಾಗೆ ನಂಬಿದ್ದರೋ, ಋಣದ ಮಾತು ನನ್ನ ಬಾಯಿಂದ ಬರಬಾರದೆಂದು ಹಾಗೆಂದರೋ, ಇಂದಿಗೂ ನನಗೆ ತಿಳಿದಿಲ್ಲ. ಆಗಂತೂ ಯೋಚಿಸುವ ತಾಳ್ಮೆ ಇರಲಿಲ್ಲ. "ನಿಮ್ಮ ವಾಕ್ಯವೇ? ನಮ್ಮ ಭತ್ತ ಹೋಗಿದ್ದು ನಿಮ್ಮ ವಾಕ್ಯಕ್ಕೋ?" ಎಂದು ಶುರುಮಾಡಿದವಳು, ಗೌರಾಳನ್ನು ಆ ಸಪ್ಪೆ ವಕೀಲನಿಗೆ ಕಟ್ಟಿ ಬಾಯಿ ಮುಚ್ಚಿಸಿದ್ದರವರೆಗೂ ಒಂದನ್ನೂ ಬಿಡದೆ ಅಂದೆ. ಅವರೂ ಬಿಡಲಿಲ್ಲ. ಹೊರಗೆ ಕಾಯುತ್ತಿದ್ದ ಕಾಲೇಜಿನವರು ಬಾಗಿಲಲ್ಲಿ ಇಣುಕಿದರು. ಅಪ್ಪ ನನ್ನ ರಟ್ಟೆ ಹಿಡಿದು ಬಸ್ಸಿನ ಹೊತ್ತಾಯಿತು ಎಂದು ಎಬ್ಬಿಸಿದರು.

ನನಗಾಗಿ ಒಂದು ಮಳೆಗಾಲ ಜೈಲಿನಲ್ಲಿ ಕಳೆದವರಿಗೆ ಕೈಮುಗಿದು ಬರಬೇಕೆಂದು ಹಾಸನದವರೆಗೆ ಹೋದವಳು, ಜಗಳವಾಡಿಕೊಂಡು ಬಂದೆ.